ನಾಲ್ಕು ದವಾಖಾನೆ, ಒಂದು ಸರ್ಟಿಫಿಕೇಟ್

ನೌಕರಿ ಹುಡುಕುವುದು ಬಹಳ ಸುಲಭದ ಕೆಲಸವೆಂದು ನಾನು ಒಂದು ಕಾಲದಲ್ಲಿ ನಂಬಿದ್ದೆ. ಸರ್ಟಿಫಿಕೇಟ್ ತೋರಿಸುವುದು, 'ಗುಡ್ ಮಾರ್ನಿಂಗ್ ಸರ್' ಅನ್ನುವುದು, ಏಪ್ರನ್ ಕಟ್ಟಿಕೊಂಡು ವಾರ್ಡಿಗೆ ನಡೆಯುವುದು. ಅಷ್ಟೇ! ಇದರಲ್ಲಿ ಕಷ್ಟವೇನು? ನನಗೀಗ ಎಂಬತ್ತು ದಾಟಿದೆ. ಆ ಮೂರು ತಿಂಗಳ ತಿರುಗಾಟ ಇನ್ನೂ ನನ್ನ ಮೊಣಕಾಲಿನಿಂದ ಇಳಿದಿಲ್ಲ ಎಂದು ನನಗೆ ಬಲವಾದ ಗುಮಾನಿಯಿದೆ.

ಯುದ್ಧದ ಕಾಲ ಅದು. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಪೆಟ್ರೋಲು ಇಲ್ಲ. ಇದ್ದದ್ದು ನನ್ನ ಕಾನ್ಫಿಡೆನ್ಸ್ ಒಂದೇ. ಬೆಳಗಾವಿ ಕಡೆಯ ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಬೆಳೆದು, ಅಲ್ಲಿಯೇ ನರ್ಸಿಂಗ್ ಕಲಿತು, ಕೆಂಪು ಅರಗಿನ ಮುದ್ರೆಯ ಸರ್ಟಿಫಿಕೇಟ್ ಹಿಡಿದು ಊರಿಗೆ ಬಂದಿದ್ದೆ. ಬೀಳ್ಕೊಡುವಾಗ ಸಿಸ್ಟರ್ ಸುಪೀರಿಯರ್ ನನ್ನ ಗಲ್ಲ ಹಿಡಿದು ಒಂದು ಮಾತು ಹೇಳಿದ್ದರು. ಮೂರು ತಿಂಗಳೊಳಗೆ ನಿನ್ನ ಸೀಮೆಯಲ್ಲಿ ಒಂದು ಪೋಸ್ಟ್ ಹುಡುಕಿಕೊ. ಸಿಗದಿದ್ದರೆ ಮುಂಬಯಿಗೆ ಕಳಿಸುತ್ತೇನೆ, ಅಲ್ಲಿ ಗಾಯಾಳು ಸೋಲ್ಜರುಗಳ ಆಸ್ಪತ್ರೆಗೆ ನರ್ಸುಗಳು ಬೇಕಾಗಿದ್ದಾರೆ.

ಮುಂಬಯಿ! ಬೇರೆ ಹುಡುಗಿಯರು ಆ ಹೆಸರು ಕೇಳಿದರೆ ಕುಣಿಯುತ್ತಿದ್ದರು. ನನಗೆ ಮಾತ್ರ ಅದು ಬೇಡವಾಗಿತ್ತು. ಕಾರಣ ನನ್ನ ಅವ್ವ.

ನನ್ನ ಊರು ಸವಣೂರಿನ ಹತ್ತಿರದ ಹತ್ತಿಮತ್ತೂರು. ಅಪ್ಪ ಸವಣೂರಿನ ಎಲೆಬಳ್ಳಿ ತೋಟಗಳಲ್ಲಿ ದುಡಿಯುತ್ತಿದ್ದನಂತೆ. ಅವನ ಮುಖ ನನಗೆ ನೆನಪಿಲ್ಲ. ಅವ್ವ ನೀಲವ್ವ ಸೂಲಗಿತ್ತಿ. ಸುತ್ತಿನ ಹತ್ತು ಹಳ್ಳಿಗಳಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಚಕ್ಕಡಿ ಬಂದು ನಿಲ್ಲುತ್ತಿದ್ದುದು ನಮ್ಮ ಗುಡಿಸಲ ಮುಂದೆ. ನನಗೆ ಎಂಟು ವರ್ಷವಿದ್ದಾಗ, ಊರಿಗೆ ಬಂದ ಸಿಸ್ಟರುಗಳು ಕೇಳಿದರೆಂದು ಅವ್ವ ನನ್ನನ್ನು ಅವರ ಕೈಗೆ ಕೊಟ್ಟಳು. ಅಕ್ಷರ ಕಲಿಯಲಿ ಎಂಬ ಆಸೆ ಅವಳಿಗೆ. ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ ಬಂದಾಗ ಮಾತ್ರ ನಾನು ಅವಳ ಮಗಳು. ಈಗ ಪೂರ್ತಿ ಬಂದಿದ್ದೇನೆ ಅಂದುಕೊಂಡರೆ, ಅವಳ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ಇಂಥವಳನ್ನು ಬಿಟ್ಟು ಮುಂಬಯಿಗೆ ಹೇಗೆ ಹೋಗಲಿ? ಅವ್ವ ಮಾತ್ರ, ಮುಂಬಯಿ ಎಷ್ಟು ದೂರ ಎಂದಷ್ಟೇ ಕೇಳಿದಳು. ನಾನು ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು. ಆ ದಿನದ ರೊಟ್ಟಿ ಸೀದು ಕರಕಾಗಿತ್ತು.

ಅವಳ ಮೇಲೆ ಇಷ್ಟು ಮಮತೆಯಿದ್ದರೂ ನನ್ನ ಜಂಬಕ್ಕೆ ಕೊರತೆಯಿರಲಿಲ್ಲ. ಅವ್ವನ ಕೈಚೀಲದಲ್ಲಿ ಹರಳೆಣ್ಣೆಯ ಬಾಟಲಿ, ನೂಲಿನ ಉಂಡೆ, ಹಳೆಯ ಅರಿವೆ ಇರುತ್ತಿದ್ದವು. ಅದನ್ನು ಕಂಡ ಕೂಡಲೇ ನಾನು ಹೈಜೀನ್, ಸ್ಟೆರಿಲೈಜೇಷನ್, ಜರ್ಮ್ಸ್ ಎಂದು ಅರ್ಧ ಗಂಟೆ ಲೆಕ್ಚರ್ ಕೊಟ್ಟೆ. ಅವ್ವ ಪೂರ್ತಿ ಕೇಳಿ, ನೀನು ಇಲ್ಲಿಯವರೆಗೆ ಎಷ್ಟು ಹೆರಿಗೆ ಮಾಡಿಸಿದ್ದೀ ಎಂದು ವಿಚಾರಿಸಿದಳು. ಸಿಸ್ಟರುಗಳ ಹಿಂದೆ ನಿಂತು ಹನ್ನೊಂದು ನೋಡಿದ್ದೇನೆ ಎಂದೆ. "ಚಲೋ ಆತು" ಎಂದು ಚೀಲ ಹೆಗಲಿಗೇರಿಸಿ ಹೊರಟೇ ಹೋದಳು.

ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು: ಮೂರು ಕಡೆ ದವಾಖಾನೆಗಳಿಗೆ ನರ್ಸ್ ಬೇಕಾಗಿದ್ದಾರೆಂದು ನನಗೆ ಸುದ್ದಿಯಿತ್ತು. ಸವಣೂರಿನಲ್ಲೂ ಬೇಕಾಗಿತ್ತು. ನಡೆದೇ ಹೋಗಬಹುದಾದ ಊರು. ಆದರೆ ಅಲ್ಲಿಗೆ ನಾನು ಹೋಗುವಂತಿರಲಿಲ್ಲ. ಯಾಕೆಂದರೆ ಸವಣೂರಿನಲ್ಲಿ ಎಲ್ಲರಿಗೂ ನಾನು ಸೂಲಗಿತ್ತಿ ನೀಲವ್ವನ ಮಗಳೆಂದು ಗೊತ್ತು. ಸರ್ಟಿಫೈಡ್ ನರ್ಸಿಗೆ ಅದು ಶೋಭಿಸುತ್ತದೆಯೇ? ಡಿಗ್ನಿಟಿ ಎಂಬುದೊಂದು ಇದೆಯಲ್ಲ!

ಹಿರೇಕೆರೂರಿನ ಸೀಮೆಯಲ್ಲಿದ್ದ ಒಂದು ಧರ್ಮಾರ್ಥ ದವಾಖಾನೆಯವರು, ಖುದ್ದಾಗಿ ಬರಬೇಡಿ, ಟಪಾಲಿನಲ್ಲಿ ಅರ್ಜಿ ಕಳಿಸಿ, ನಾವೇ ಪತ್ರ ಬರೆದು ಕರೆಯುತ್ತೇವೆ ಎಂದು ತಿಳಿಸಿದ್ದರು. ಅಲ್ಲಿ ಲೇಡಿ ಡಾಕ್ಟರ್ ಇದ್ದರು, ಇರಲು ಕೋಣೆಯಿತ್ತು, ಅವ್ವನನ್ನು ಜೊತೆಗಿಟ್ಟುಕೊಳ್ಳಬಹುದಿತ್ತು. ನನ್ನ ಮನಸ್ಸು ಅದರ ಮೇಲೆಯೇ. ಕಾನ್ವೆಂಟಿನ ದುಂಡು ಅಕ್ಷರದಲ್ಲಿ, ಉತ್ತಮ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಕೊನೆಗೆ ನನ್ನ ವಿಳಾಸ: 'ಮಿಸ್ ಗ್ರೇಸ್, ಸರ್ಟಿಫೈಡ್ ನರ್ಸ್, ಹತ್ತಿಮತ್ತೂರು.'

ಗ್ರೇಸ್ ಎಂದರೆ ನಾನೇ. ಮನೆಯಲ್ಲಿ ಅವ್ವ ಇಟ್ಟ ಹೆಸರು ಗಂಗವ್ವ, ಅವಳ ತಾಯಿಯ ಹೆಸರು. ವಿಲಾಯಿತಿಯ ಸಿಸ್ಟರುಗಳ ನಾಲಗೆ ಗಂಗವ್ವನ ಮೇಲೆ ಎರಡು ಸಲ ಎಡವಿತು. ಮೂರನೆಯ ಸಲ ನಾನು ಗ್ರೇಸ್ ಆದೆ. ಈ ಸಂಗತಿಯನ್ನು ಅವ್ವನಿಗೆ ಮಾತ್ರ ಹನ್ನೆರಡು ವರ್ಷವೂ ಹೇಳಿರಲಿಲ್ಲ. ತನ್ನ ತಾಯಿಯ ಹೆಸರು ಹೋಯಿತೆಂದು ನೊಂದುಕೊಳ್ಳುತ್ತಾಳೆ ಎಂಬ ಅಳುಕು.

ಹಳ್ಳಿಗೆ ಬರುವ ಟಪಾಲಿಗೆ ಗೊತ್ತಿರುವ ಹಿರಿಯರ ಹೆಸರು ಬರೆದು 'ಕೇರ್ ಆಫ್' ಹಾಕಬೇಕೆಂದು ಸಿಸ್ಟರುಗಳು ಕಲಿಸಿದ್ದರು. ಪೆನ್ನು ಆ ಸಾಲಿನವರೆಗೆ ಬಂದು ನಿಂತಿತು. ಕೇರ್ ಆಫ್ ಯಾರು? ನೀಲವ್ವ, ಸೂಲಗಿತ್ತಿ? ಲೇಡಿ ಡಾಕ್ಟರ್ ಓದಿ ಏನೆಂದುಕೊಂಡಾರು? ಆ ಸಾಲನ್ನು ಬಿಟ್ಟೆ. ಲಕೋಟೆಗೆ ಅಂಟು ಹಚ್ಚಿದೆ. ಹಗುರಾದೆ.

ಉತ್ತರ ಬರುವವರೆಗೆ ಕೈಕಟ್ಟಿ ಕೂಡುವುದೇಕೆಂದು ಹಾನಗಲ್ಲಿಗೆ ಹೊರಟೆ. ನನ್ನ ಬಳಿ ಯೂನಿಫಾರ್ಮಿನ ಎರಡು ಬಿಳಿಯ ಸೀರೆಗಳಿದ್ದವು. ಇಂಟರ್‌ವ್ಯೂ ಎಂದ ಮೇಲೆ ಸೀರೆ ಬಾಗದಷ್ಟು ಗರಿಗರಿಯಾಗಿರಬೇಕು. ಅವ್ವ ಎಲ್ಲಿಂದಲೋ ತಂದಿಟ್ಟಿದ್ದ ಒಂದು ಹಿಡಿ ಅಕ್ಕಿಯನ್ನು ಕುದಿಸಿ ಗಂಜಿ ಬಸಿದು ಸೀರೆಯನ್ನು ಅದ್ದಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಮಂದಿಗೆ ಕುಡಿಯಾಕ ಗಂಜಿ ಇಲ್ಲ. ನೀ ಸೀರಿಗಿ ಕುಡಸಾಕತ್ತಿ."

"ಇದು ಪ್ರೊಫೆಷನ್ ಅವ್ವಾ, ನಿನಗ ತಿಳಿಯಂಗಿಲ್ಲ" ಎಂದೆ. ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ. ನನಗೂ ಪೂರ್ತಿ ತಿಳಿದಿರಲಿಲ್ಲ ಎಂಬುದು ಹಾನಗಲ್ಲಿನಲ್ಲಿ ಗೊತ್ತಾಯಿತು.

ಹಾನಗಲ್ಲಿನಲ್ಲಿ ಒಂದು ಹೊಸ ದವಾಖಾನೆ ತೆಗೆಯಲು ಊರಿನವರು ಕಮಿಟಿ ಮಾಡಿದ್ದರು. ಅದರ ಅಧ್ಯಕ್ಷರು ಅರಳೆ ವ್ಯಾಪಾರದ ಒಬ್ಬ ಸಾವಕಾರರು. ಹಿಂದಿನ ದಿನವೇ ಹೋಗಿ ಅವ್ವನ ಪರಿಚಯದವರ ಮನೆಯಲ್ಲಿ ಉಳಿದು, ಬೆಳಗಿನ ಏಳಕ್ಕೆಲ್ಲ ಸಾವಕಾರರ ಮನೆಯ ಕಟ್ಟೆಯ ಮುಂದೆ ನಿಂತೆ. ಪಂಕ್ಚುವಾಲಿಟಿ! ಬಿಳಿಯ ಸೀರೆ, ಬರಿ ಹಣೆ, ಬರಿ ಕೈ. ಕರ್ತವ್ಯದ ಮೇಲಿರುವ ನರ್ಸಿಗೆ ಬಳೆ, ಕುಂಕುಮ, ಹೂವು ಸಲ್ಲದೆಂದು ಕಾನ್ವೆಂಟಿನ ಕಟ್ಟುನಿಟ್ಟು.

ಸಾವಕಾರರು ಜರಿ ರುಮಾಲು ಸುತ್ತಿ, ಕೈಯಲ್ಲಿ ಹೊಸ ಕೊಡೆ ಹಿಡಿದು, ಮಗನಿಗೆ ಹೆಣ್ಣು ಗೊತ್ತುಮಾಡಲು ಹೊರಟಿದ್ದರು. ಇದು ನನಗೆ ಆಗ ಗೊತ್ತಿಲ್ಲ. ಬಾಗಿಲು ದಾಟಿದವರು ನನ್ನನ್ನು ಕಂಡರು. ಗಕ್ಕನೆ ನಿಂತರು. ತಿರುಗಿ ಒಳಗೆ ಹೋದರು.

ಪಾಪ, ನನ್ನ ಅರ್ಜಿಗಾಗಿ ಕಾಗದ-ಪೆನ್ನು ತರಲು ಹೋದರು ಎಂದುಕೊಂಡೆ. ಕಿಟಕಿಯಿಂದ ಕಾಣುತ್ತಿತ್ತು: ಅವರು ಜಮಖಾನೆಯ ಮೇಲೆ ಕುಳಿತು ಒಂದು ತಂಬಿಗೆ ನೀರು ಕುಡಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಶಿವನ ಹೆಸರು ಹೇಳಿ ಮತ್ತೆ ಎದ್ದು ಬಂದರು. ನಾನು ಕಿಟಕಿ ಬಿಟ್ಟು, ನಗುಮುಖದಿಂದ ಬಾಗಿಲಿಗೆ ಸರಿಯಾಗಿ ಎದುರು ನಿಂತು 'ಗುಡ್ ಮಾರ್ನಿಂಗ್ ಸರ್' ಎಂದೆ. ಅವರು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಪುನಃ ಒಳಗೆ ಹೋದರು. ಪುನಃ ಒಂದು ತಂಬಿಗೆ ನೀರು.

ದೊಡ್ಡ ಮನುಷ್ಯರಿಗೆ ಸಂಕೋಚ ಹೆಚ್ಚು ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಅಷ್ಟರಲ್ಲಿ ಹಿತ್ತಲ ಕಡೆ ಬಾಗಿಲು ಕಿರುಗುಟ್ಟಿತು. ಓಹೋ, ಆಫೀಸ್ ಆ ಕಡೆಗಿದೆ! ಸೀರೆ ಎತ್ತಿ ಹಿಡಿದು, ದನದ ಕೊಟ್ಟಿಗೆ ಸುತ್ತುಹಾಕಿ, ಎಮ್ಮೆಗಳ ನಡುವೆ ನುಸುಳಿ ಹಿತ್ತಲಿಗೆ ಓಡಿದೆ. ಸಾವಕಾರರು ಕಳ್ಳಹೆಜ್ಜೆ ಇಡುತ್ತ ಹೊರಬರುವುದಕ್ಕೂ, ಏದುಸಿರು ಬಿಡುತ್ತ ಬಿಳಿಯ ಸೀರೆಯ ನಾನು ಅವರ ಎದುರು ಪ್ರತ್ಯಕ್ಷಳಾಗುವುದಕ್ಕೂ ಸರಿಹೋಯಿತು. ಕೊಡೆ ಅವರ ಕೈಯಿಂದ ಜಾರಿ ಗೊಬ್ಬರದ ಗುಂಡಿಗೆ ಬಿತ್ತು. ಮೂರನೆಯ ತಂಬಿಗೆ!

ಅಷ್ಟರಲ್ಲಿ ಅವರನ್ನು ಕರೆದೊಯ್ಯಬೇಕಿದ್ದ ಮೋಟಾರು ಹೋಯಿತು. ಮುಹೂರ್ತವೂ ಹೋಯಿತು. ಆಗ ಒಳಗಿಂದ ಅವರ ಮುದುಕಿ ತಾಯಿ ಕೋಲೂರುತ್ತ ಬಂದರು. ಸಿಟ್ಟಿನಿಂದಲ್ಲ, ನನ್ನನ್ನು ಹಿತ್ತಲ ಕಟ್ಟೆಯ ಮೇಲೆ ಕೂಡಿಸಿ, ತಲೆ ಸವರಿ, ಬಹಳ ಮರುಕದಿಂದ ಕೇಳಿದರು.

"ಗಂಡ ತೀರಿ ಎಷ್ಟ ದಿನಾತ ನನ್ನವ್ವಾ?"

"ನನಗ ಇನ್ನೂ ಮದುವಿ ಆಗಿಲ್ಲರಿ ಅಮ್ಮಾ."

ಮುದುಕಿ ನನ್ನ ಸೀರೆ ನೋಡಿದರು, ಹಣೆ ನೋಡಿದರು, ಕೈ ನೋಡಿದರು. "ಮದುವಿ ಆಗೂಕಿಂತ ಮದಲ ಎಲ್ಲಾ ಮುಗಿಸಿಕೊಂಡ ಕುಂತೀಯಲ್ಲ ತಂಗಿ" ಎಂದು ನಿಟ್ಟುಸಿರು ಬಿಟ್ಟರು. ನಾನು ನರ್ಸ್, ಇದು ಯೂನಿಫಾರ್ಮ್ ಎಂದು ವಿವರಿಸಿದೆ. ಅವರು ಶಾಂತವಾಗಿ ಕೇಳಿ, ದವಾಖಾನೆ ಮುಂದೆ ಹಿಂಗೆ ನಿಂತರೆ ಬಸುರಿಯರು ಬರುತ್ತಾರೋ ಓಡುತ್ತಾರೋ ನೀನೇ ಹೇಳು ಎಂದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟು ಕಳಿಸಿದರು. ನೌಕರಿ ಕೊಡಲಿಲ್ಲ.

ಮೊದಲ ತಿಂಗಳು ಹೀಗೆ ಕಳೆಯಿತು.

ಬುದ್ಧಿವಂತರು ತಪ್ಪಿನಿಂದ ಪಾಠ ಕಲಿಯುತ್ತಾರೆ. ನಾನು ಕಲಿತೆ. ಶಿಗ್ಗಾವಿಗೆ ಹೋಗುವಾಗ ಬಿಳಿಯ ಸೀರೆಯನ್ನು ಪೆಟ್ಟಿಗೆಗೆ ತುರುಕಿ, ಅವ್ವನ ಹಸಿರು ಇಳಕಲ್ ಸೀರೆ ಉಟ್ಟೆ. ಕಾಸಗಲ ಕುಂಕುಮ, ಎರಡೂ ಕೈಗೆ ಡಜನ್ ಬಳೆ, ತುರುಬಿಗೆ ಅಬ್ಬಲಿಗೆ ಹೂವು. ಈಗ ಯಾರು ನೀರು ಕುಡಿಯುತ್ತಾರೋ ನೋಡೋಣ!

ಪೆಟ್ರೋಲು ಇಲ್ಲದ್ದರಿಂದ ಆಗ ಮೋಟಾರುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಹಿಂಬದಿಗೆ ನೀರೊಲೆಯಂಥ ದೊಡ್ಡ ಒಲೆ. ಕ್ಲೀನರ್ ಅದಕ್ಕೆ ಇದ್ದಿಲು ತುಂಬಿ, ಕೈಯಿಂದ ಗಾಳಿ ತಿರುವಿ ತಿರುವಿ ಕೆಂಡ ಮಾಡಬೇಕು. ಆಮೇಲೂ ದಿನ್ನೆ ಬಂತೆಂದರೆ ಗಾಡಿ ನಿಟ್ಟುಸಿರು ಬಿಟ್ಟು ನಿಲ್ಲುತ್ತಿತ್ತು. ಎಲ್ಲರೂ ಇಳಿದು ನೂಕಬೇಕು. ಸವಣೂರಿನಿಂದ ಶಿಗ್ಗಾವಿಗೆ ಅಷ್ಟೊಂದು ದಿನ್ನೆಗಳಿರುವುದು ನನಗೆ ಮೊದಲು ಗೊತ್ತಿರಲಿಲ್ಲ. ನಾನೂ ಸೆರಗು ಬಿಗಿದು ನೂಕಿದೆ. ನಾನು ನಿಂತದ್ದು ಒಲೆಯ ಪಕ್ಕದಲ್ಲಿ. ಶಿಗ್ಗಾವಿಯಲ್ಲಿ ಇಳಿದಾಗ ಮುಖವೆಲ್ಲ ಮಸಿ, ಕಣ್ಣು ಕೆಂಪು, ಎಡೆಬಿಡದ ಕೆಮ್ಮು.

ದವಾಖಾನೆಯ ಅಂಗಳದಲ್ಲಿ ಉದ್ದದ ಸಾಲು. ಕಂಪೌಂಡರ್ ನನ್ನನ್ನು ನೋಡಿದವನೇ ತೋಳು ಹಿಡಿದು ಸಾಲಿನ ಮುಂದೆ ತಂದು ನಿಲ್ಲಿಸಿದ. ಸರ್ಟಿಫೈಡ್ ನರ್ಸಿಗೆ ಇರುವ ಮರ್ಯಾದೆಯೇ ಬೇರೆ ಎಂದು ನಾನು ಉಬ್ಬಿದೆ. ಡಾಕ್ಟರು ವಯಸ್ಸಾದವರು, ತಲೆಯೆತ್ತಲೂ ಪುರುಸೊತ್ತಿಲ್ಲ. ಕೆಮ್ಮಿನ ನಡುವೆ 'ಸರ್, ನಾನು' ಎಂದು ಶುರುಮಾಡಿದೆ.

"ಮಾತಾಡಬ್ಯಾಡ. ನಾಲಗಿ ತಗಿ."

ತೆಗೆದೆ. ಯಾವುದೇ ಪೋಸ್ಟಿಗೆ ಸೇರುವ ಮೊದಲು ಮೆಡಿಕಲ್ ಎಗ್ಸಾಮಿನೇಷನ್ ಇರುತ್ತದೆಂದು ಕಾನ್ವೆಂಟಿನಲ್ಲಿ ಹೇಳಿದ್ದರು. ಎಷ್ಟು ಶಿಸ್ತಿನ ಡಾಕ್ಟರು, ಮೊದಲು ಅದನ್ನೇ ಮುಗಿಸುತ್ತಿದ್ದಾರೆ! ನಾಡಿ ನೋಡಿದರು, ಕಣ್ಣಿನ ರೆಪ್ಪೆ ಎಳೆದರು, ಬೆನ್ನಿಗೆ ಕೊಳವೆ ಇಟ್ಟು ಉಸಿರು ಕೇಳಿದರು. ನಾನು ಹೊಟ್ಟೆ ಒಳಗೆಳೆದು ನೆಟ್ಟಗೆ ನಿಂತೆ. ನನ್ನ ಕೈಯಲ್ಲಿದ್ದ ಸರ್ಟಿಫಿಕೇಟಿನ ಸುರುಳಿಯನ್ನು ಕಂಪೌಂಡರ್ ತೆಗೆದುಕೊಂಡು, ರೋಗಿಗಳಿಗೆ ಊರಗೌಡರು ಬರೆದುಕೊಟ್ಟ ಶಿಫಾರಸು ಚೀಟಿಗಳ ರಾಶಿಗೆ ಸೇರಿಸಿದ. ಫೈಲಾಯಿತು ಎಂದುಕೊಂಡೆ. ಡಾಕ್ಟರು ಏನೋ ಗೀಚಿದರು.

"ಇವತ್ತ ಸೋಮವಾರ. ಬರೂ ಸೋಮವಾರ ಮತ್ತ ಬಾ."

ಆಯಿತು! ನೌಕರಿ! ಕಂಪೌಂಡರ್ ನನಗೊಂದು ಬಾಟಲಿ ಕೆಂಪು ಔಷಧಿ ಕೊಟ್ಟ; ಹೊರಮೈಗೆ ಎಷ್ಟೆಷ್ಟು ಕುಡಿಯಬೇಕೆಂದು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿತ್ತು. ಬಹುಶಃ ಸ್ಟಾಫಿಗೆಲ್ಲ ಟಾನಿಕ್ ಕೊಡುವ ಪದ್ಧತಿ. ಸರ್ಟಿಫಿಕೇಟನ್ನು ಮಾತ್ರ ಕೇಳಿ ವಾಪಸು ಪಡೆದೆ, ಅವ್ವನಿಗೆ ತೋರಿಸಲು. ಒಂದು ವಾರ ತಪ್ಪದೆ ದಿನಕ್ಕೆ ಮೂರು ಸಲ ಆ ಕಹಿಯನ್ನು ಕುಡಿದೆ. ಡಿಸಿಪ್ಲಿನ್ ಎಂದರೆ ಹಾಗೆ. ಊರಲ್ಲೆಲ್ಲ ಸುದ್ದಿ ಹಬ್ಬಿತು. ಅವ್ವ ಸವಣೂರಿನ ಖಾರದ ತಿಂಡಿ ತರಿಸಿ ಓಣಿಗೆಲ್ಲ ಹಂಚಿದಳು.

ಮುಂದಿನ ಸೋಮವಾರ ತಗಡಿನ ಟ್ರಂಕ್ ಹೊರಿಸಿಕೊಂಡು, ದಿನ್ನೆಗಳನ್ನೆಲ್ಲ ಮತ್ತೆ ನೂಕಿ, ಶಿಗ್ಗಾವಿ ಮುಟ್ಟಿದೆ. ಕಂಪೌಂಡರ್ ಟ್ರಂಕ್ ನೋಡಿದ, ನನ್ನನ್ನು ನೋಡಿದ.

"ಕೆಮ್ಮ ಕಡಿಮಿ ಆತೇನು? ಬಾಟ್ಲಿ ತಂದಿಯಿಲ್ಲೋ?"

ನಾನು ಟ್ರಂಕಿನ ಮೇಲೆ ಕುಳಿತೆ. ಎಷ್ಟೋ ಹೊತ್ತು ಕುಳಿತೆ. ಕೊನೆಗೆ ಡಾಕ್ಟರು ನಿಜ ತಿಳಿದು ಪೆಚ್ಚಾಗಿ ನಕ್ಕರು. ಮೊದಲೇ ಹೇಳಬಾರದಿತ್ತೇ, ಆ ಜಾಗಕ್ಕೆ ಶುಕ್ರವಾರವಷ್ಟೇ ಒಬ್ಬಳನ್ನು ತೆಗೆದುಕೊಂಡೆ, ಒಳ್ಳೆಯ ಹುಡುಗಿ, ಅಚ್ಚ ಬಿಳಿ ಸೀರೆ ಉಟ್ಟು ಬಂದಿದ್ದಳು ಎಂದರು. ಆಮೇಲಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಟ್ರಂಕ್ ವಾಪಸು. ದಿನ್ನೆಗಳು ವಾಪಸು. ಓಣಿಯವರು ಖಾರ ತಿಂದಾಗಿತ್ತು.

ಎರಡನೆಯ ತಿಂಗಳು ಮುಗಿಯಿತು. ಇನ್ನು ಹಿರೇಕೆರೂರಿನ ಪತ್ರವೊಂದೇ ಆಸರೆ. ಸಂತೆಯ ದಿನ ಟಪಾಲಿನ ಬಸಣ್ಣ ಚಾವಡಿಯ ಮುಂದೆ ನಿಂತು ಹೆಸರು ಕೂಗಿ ಕಾಗದ ಹಂಚುತ್ತಿದ್ದ. ಶಿಗ್ಗಾವಿಯಿಂದ ಬಂದ ಮೇಲೆ ಪ್ರತಿ ಸಂತೆಗೂ ಹೋಗಿ ನಿಂತೆ. ನನ್ನ ಹೆಸರು ಬರಲಿಲ್ಲ. ಅವ್ವ ದಿನವೂ ಸಂಜೆ ಏನೂ ಕೇಳದೆ ನನ್ನ ಮುಖ ನೋಡುತ್ತಿದ್ದಳು. ಪೊರೆ ಬಂದ ಕಣ್ಣಿಗೆ ಏನು ಕಾಣುತ್ತಿತ್ತೋ. ಒಂದು ದಿನ ಮಾತ್ರ, ಮುಂಬಯಿಯಲ್ಲಿ ಜೋಳ ಸಿಗುತ್ತದೆಯೇ ಎಂದು ಕೇಳಿದಳು.

ಅಂದೇ ನಿಶ್ಚಯಿಸಿದೆ. ಖುದ್ದಾಗಿ ಬರಬೇಡಿ ಎಂದರೂ ಸರಿ, ಹೋಗಿಯೇ ಹೋಗುತ್ತೇನೆ. ಮೋಟಾರು, ಚಕ್ಕಡಿ, ಕಾಲ್ನಡಿಗೆ ಎಲ್ಲ ಸೇರಿ ಎರಡು ದಿನ. ಈ ಸಲ ಸೀರೆಯ ಬಣ್ಣದ ಬಗ್ಗೆ ಯೋಚಿಸುವ ಶಕ್ತಿಯೂ ಇರಲಿಲ್ಲ. ಯಾವುದೋ ಒಂದನ್ನು ಉಟ್ಟಿದ್ದೆ.

ಲೇಡಿ ಡಾಕ್ಟರ್ ಗಂಭೀರ ಹೆಂಗಸು, ದಪ್ಪ ಕನ್ನಡಕ. ನಾನು ಗ್ರೇಸ್ ಎಂದ ಕೂಡಲೇ ಕುರ್ಚಿ ಬಿಟ್ಟು ಎದ್ದರು.

"ಎಲ್ಲಿ ಹೋಗಿದ್ರಿ ನೀವು? ಬಂದ ಅರ್ಜಿಯೊಳಗ ನಿಮ್ಮದ ಎಲ್ಲಾಕಿಂತ ಚಲೋ ಇತ್ತು. ನಿಮಗ ಆರ್ಡರ್ ಕಳಿಸಿ ಒಂದ ತಿಂಗಳಾತು."

ಅವರು ಡ್ರಾಯರ್ ತೆಗೆದು ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟರು. ನನ್ನ ಹೆಸರು, ನನ್ನ ಊರು, ಎಲ್ಲವೂ ಸರಿ. ಅಡ್ಡಲಾಗಿ ಕೆಂಪು ಗೀಟು. ಹಿಂಬದಿಗೆ ಟಪಾಲಿನ ಬಸಣ್ಣನ ಅಕ್ಷರ. ಮನುಷ್ಯ ತನ್ನ ಕೆಲಸದಲ್ಲಿ ಬಹಳ ಪ್ರಾಮಾಣಿಕ. 'ಸದರಿ ಹೆಸರಿನವರು ಈ ಊರಲ್ಲಿ ಇಲ್ಲ. ಈ ಊರಲ್ಲಿ ಹುಟ್ಟಿಯೂ ಇಲ್ಲ. ಊರ ಸೂಲಗಿತ್ತಿಯನ್ನು ವಿಚಾರಿಸಿ ಖಾತ್ರಿ ಮಾಡಿಕೊಂಡಿದೆ. ವಾಪಸು.'

ಎರಡು ಸಲ ಓದಿದೆ. ಮೂರನೆಯ ಸಲ ಅಕ್ಷರಗಳು ಕಲಸಿಹೋದವು.

ಆ ಜಾಗ ಹದಿನೈದು ದಿನದ ಹಿಂದೆ ಬೇರೆಯವರಿಗೆ ಹೋಗಿತ್ತು. ಲೇಡಿ ಡಾಕ್ಟರ್ ಚಹಾ ಕೊಟ್ಟರು. ಈ ಸೂಲಗಿತ್ತಿ ಯಾರು, ಅವಳ ಮಾತಿಗೆ ಟಪಾಲಿನವರು ಅಷ್ಟು ಬೆಲೆ ಕೊಡುವುದೇಕೆ ಎಂದು ವಿಚಾರಿಸಿದರು. ಗೊತ್ತಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅರ್ಜಿಯಲ್ಲಿ ಬಿಟ್ಟ ಸಾಲು ನೆನಪಾಯಿತು. ಮುಚ್ಚಿಕೊಂಡು ಚಹಾ ಕುಡಿದೆ.

ಎರಡು ದಿನ ವಾಪಸು ನಡೆಯುತ್ತ, ಮನೆಗೆ ಹೋಗಿ ಆಡಬೇಕಾದ ಕಠಿಣವಾದ ಮಾತುಗಳನ್ನೆಲ್ಲ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಜೋಡಿಸಿಕೊಂಡೆ. ಮನೆ ಮುಟ್ಟಿದಾಗ ಅವ್ವ ಬಿಸಿನೀರು ಕಾಸಿಟ್ಟು ನನ್ನ ಕಾಲು ತೊಳೆಯತೊಡಗಿದಳು. ಜೋಡಿಸಿದ ಮಾತೆಲ್ಲ ಆ ನೀರಿನಲ್ಲಿ ಹೋಯಿತು.

"ಅವ್ವಾ, ಟಪಾಲಿನ ಬಸಣ್ಣ ನಿನ್ನ ಏನರ ಕೇಳಿದ್ನೇನು?"

"ಹೂಂ, ಕೇಳಿದ್ದ. ನೀ ಟ್ರಂಕ್ ತಗೊಂಡ ಶಿಗ್ಗಾವಿಗಿ ಹೋಗಿದ್ದ್ಯಲ್ಲ, ಆವತ್ತು. ಯಾವಕೀಗೋ ಒಂದ ಕಾಗದ ಬಂದಿತ್ತು, ಏನೋ ಸಾಹೇಬರ ಹೆಸರು. ಚಾವಡಿ ಮುಂದ ಕೂಗಿ ಕೂಗಿ ಸಾಕಾಗಿ ನನ್ನ ಹಂತೇಕ ಬಂದ. ನೀಲವ್ವಾ, ಈ ಊರಾಗ ಹುಟ್ಟಿದವರೆಲ್ಲಾ ನಿನ್ನ ಕೈಯಾಗ ಹುಟ್ಟ್ಯಾರ, ಗ್ರೇಸ ಅಂತ ಯಾರರ ಅದಾರೇನು ಅಂದ." ಅವ್ವ ನನ್ನ ಹಿಮ್ಮಡಿ ಉಜ್ಜುತ್ತ ಹೆಮ್ಮೆಯಿಂದ ಹೇಳಿದಳು. "ಅಂಥಾ ಹೆಸರಿಂದು ಒಂದೂ ನಾ ಹಡಿಸಿಲ್ಲಪಾ ಅಂದೆ."

ನಾನು ಹೇಳಿದೆ.

"ಅದು ನಾನ ಅವ್ವಾ."

ಅವಳ ಕೈ ನಿಂತಿತು. ತಂಬಿಗೆಯನ್ನು ಕೆಳಗಿಟ್ಟಳು. ಸಿಸ್ಟರುಗಳ ನಾಲಗೆಯ ಕತೆ ಹೇಳಿದೆ, ಹನ್ನೆರಡು ವರ್ಷದ ಕತೆ ಹೇಳಿದೆ. ಅವಳ ಹೆಸರನ್ನು ಬರೆಯದೆ ಬಿಟ್ಟ ಸಂಗತಿಯನ್ನು ಹೇಳುವಾಗ ಮಾತ್ರ ಗೋಡೆ ನೋಡಿದೆ. ಅವ್ವ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಮದಲ ಹೇಳಬಾರದೇನವ್ವಾ" ಎಂದಳು. "ಇಸಗೊಂಡ ಇಟ್ಟಿರತಿದ್ದೆ."

ಆಮೇಲೆ ಮತ್ತೊಂದು ಕಾಲು ಮುಂದಿಡಲು ಹೇಳಿದಳು.

ಮೂರನೆಯ ತಿಂಗಳಲ್ಲಿ ಎಂಟು ದಿನ ಉಳಿದಿತ್ತು. ಸಿಸ್ಟರ್ ಸುಪೀರಿಯರ್ ಅವರಿಂದ ಮುಂಬಯಿಯ ವಿವರಗಳ ಪತ್ರವೂ ಬಂತು. ಬಸಣ್ಣ ಈ ಸಲ ನೇರವಾಗಿ ನಮ್ಮ ಮನೆಗೇ ತಂದುಕೊಟ್ಟ, ಅವ್ವ ಅವನಿಗೆ ತಾಕೀತು ಮಾಡಿದ್ದಳು. ಮಾರನೆಯ ದಿನ ನಸುಕಿನಲ್ಲಿ ನೋಡಿದರೆ ಅವ್ವ ತಲೆ ಬಾಚಿ, ಒಗೆದ ಸೀರೆ ಉಟ್ಟು, ತನ್ನ ಚೀಲ ಹಿಡಿದು ಹೊಸ್ತಿಲ ಮೇಲೆ ಕುಳಿತಿದ್ದಳು. ಸವಣೂರಿಗೆ ಹೋಗಿ ಬರೋಣ ನಡೆ ಎಂದಳು. ನನ್ನ ಡಿಗ್ನಿಟಿ ಎಲ್ಲಿದೆಯೆಂದು ಹುಡುಕಿದೆ. ಶಿಗ್ಗಾವಿಯ ಯಾವುದೋ ದಿನ್ನೆಯ ಮೇಲೆ ಬಿದ್ದುಹೋಗಿತ್ತು. ಹೊರಟೆ.

ಎಲೆಬಳ್ಳಿ ತೋಟಗಳ ಪಕ್ಕದ ದಾರಿ ಹಿಡಿದು ನಡೆದೆವು. ಅವ್ವ ನನ್ನ ತೋಳು ಹಿಡಿದಿದ್ದಳು. ಒಂದು ಬಾವಿಯ ಹತ್ತಿರ ನಿಂತು, ನಿಮ್ಮಪ್ಪ ಇಲ್ಲೇ ಬಳ್ಳಿ ಕಟ್ಟುತ್ತಿದ್ದ ಎಂದಳು. ಮತ್ತೆ ನಡೆದೆವು.

ಸವಣೂರಿನ ದವಾಖಾನೆಯ ಡಾಕ್ಟರು ಗಡ್ಡದ ಹಿರಿಯರು. ನಾನು ಸರ್ಟಿಫಿಕೇಟ್ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಮೂರು ತಿಂಗಳ ಹೊಗೆ, ಬೆವರು, ಧೂಳಿನಿಂದ ಅದರ ಅರಗು ಒಡೆದಿತ್ತು. ಅವರು ಅದನ್ನು ನೋಡಲೇ ಇಲ್ಲ. ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದವಳ ಕಡೆ ನೋಡಿ ಕುರ್ಚಿ ಸರಿಸಿದರು.

"ನೀಲವ್ವಾ, ಬಾ ಬಾ, ಕೂಡ ಬಾ. ಇಲ್ಲಿಗಿ ಬಾ ಅಂತ ನಾ ಎರಡ ವರ್ಷ ಹೇಳಿ ಕಳಿಸಿದೆ. ಈಗ ತಿಳೀತೇನು ದಾರಿ?"

"ನಾ ಬರೂದ ಏನ ಬಂತರಿ ಸಾಹೇಬ್ರ, ಕಣ್ಣ ಮಬ್ಬಾಗ್ಯಾವು" ಎಂದಳು ಅವ್ವ, ನೆಲದ ಮೇಲೆಯೇ ಕೂಡುತ್ತ. "ಮಗಳನ್ನ ಕರಕೊಂಡ ಬಂದೇನಿ."

ಡಾಕ್ಟರು ನನ್ನನ್ನು ಮೊದಲ ಸಲ ನೋಡಿದರು. ಈ ಊರಿನ ಹೆಂಗಸರು ಗಂಡಸು ಡಾಕ್ಟರ ದವಾಖಾನೆಗೆ ಕಾಲಿಡುವುದಿಲ್ಲ, ನೀಲವ್ವನ ಮಾತಾದರೆ ಕೇಳುತ್ತಾರೆ, ಅವಳ ಮಗಳೇ ಒಳಗಿದ್ದರೆ ಇನ್ನೇನು ಬೇಕು ಎಂದರು. ಇಂಟರ್‌ವ್ಯೂ ಮುಗಿಯಿತು! ನಾನು 'ಗುಡ್ ಮಾರ್ನಿಂಗ್' ಕೂಡ ಹೇಳಿರಲಿಲ್ಲ.

ರಿಜಿಸ್ಟರ್ ತೆಗೆದು ಪೆನ್ನು ಅದ್ದಿ ಹೆಸರು ಕೇಳಿದರು. ಈ ಸಲ ನಾನು ತಡವರಿಸಲಿಲ್ಲ. ಗಂಗವ್ವ, ತಾಯಿ ನೀಲವ್ವ, ಸೂಲಗಿತ್ತಿ ಎಂದು ಸ್ಪಷ್ಟವಾಗಿ ಹೇಳಿದೆ. ಬರೆದುಕೊಂಡು, ಆಗ ಮಾತ್ರ ಅವರು ಸರ್ಟಿಫಿಕೇಟಿನ ಕಡೆ ಕಣ್ಣು ಹಾಯಿಸಿದರು. ಹುಬ್ಬು ಗಂಟಿಕ್ಕಿತು.

"ಇದರಾಗ ಗ್ರೇಸ್ ಅಂತ ಐತಲ್ಲ. ಈ ಗ್ರೇಸ್ ಯಾರು?"

ಇನ್ನೊಂದು ನೌಕರಿ ಈ ಹೆಸರಿನ ಮೇಲೆ ಬಿತ್ತು ಎಂದುಕೊಂಡೆ. ನೆಲದ ಮೇಲಿಂದ ಅವ್ವ ಹೇಳಿದಳು.

"ಅದೂ ನಾನ ಹಡದದ್ದರಿ ಸಾಹೇಬ್ರ."

ಆ ದವಾಖಾನೆಯಲ್ಲಿ ಮೂವತ್ತಾರು ವರ್ಷ ದುಡಿದೆ. ಮೊದಲ ಹೆರಿಗೆಗೆ ನಾನು ನಿಂತಾಗ, ಮಬ್ಬುಗಣ್ಣಿನ ಅವ್ವ ಪಕ್ಕದಲ್ಲಿ ಕುಳಿತು ಮುಟ್ಟಿ ಮುಟ್ಟಿ ದಾರಿ ಹೇಳಿದಳು. ನಾನು ಕೈ ತೊಳೆಯಲು ಹೇಳಿದಾಗ ಒಂದು ಮಾತೂ ಆಡದೆ ಎರಡು ಸಲ ತೊಳೆದುಕೊಂಡಳು. ಅವಳು ತೀರಿದ ಮೇಲೂ ಊರವರು ನನ್ನನ್ನು ಕರೆದದ್ದು ನೀಲವ್ವನ ಮಗಳು ಎಂದೇ. ಸರ್ಟಿಫಿಕೇಟನ್ನು ಯಾರೂ ಇನ್ನೊಮ್ಮೆ ಕೇಳಲಿಲ್ಲ. ಅದು ಈಗಲೂ ಟ್ರಂಕಿನಲ್ಲಿದೆ, ಬಿಳಿಯ ಸೀರೆಯ ಕೆಳಗೆ.

ಇಷ್ಟೆಲ್ಲ ಈಗ ಯಾಕೆ ಬರೆದೆನೆಂದರೆ, ಹೋದ ವಾರ ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ಅರೆನಿದ್ದೆಯಲ್ಲಿದ್ದೆ. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ, ಅಮ್ಮಾ, ಈ ಓಣಿಯೊಳಗೆ ಗ್ರೇಸ್ ಅಂತ ಯಾರಾದರೂ ಇದ್ದಾರೇನ್ರಿ, ಬೆಳಗಾವಿ ಕಡೆಯಿಂದ ಒಂದು ಪತ್ರ ಬಂದಿದೆ ಎಂದು ಕೇಳಿದ. ಪಾಪ, ಬಿಸಿಲಿನಲ್ಲಿ ಬಂದಿದ್ದ. ನಾನು ಓಣಿಯ ಮನೆಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡೆ. ಈ ಓಣಿಯ ಅರ್ಧಕ್ಕರ್ಧ ಜನ ನನ್ನ ಕೈಯಲ್ಲೇ ಹುಟ್ಟಿದವರು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

"ಇಲ್ಲಪಾ" ಎಂದೆ. "ಅಂಥಾ ಹೆಸರಿನವರು ಇಲ್ಲಿ ಯಾರೂ ಇಲ್ಲ."

ಅವನು ಸೈಕಲ್ ಹತ್ತಿ ಮೂಲೆ ತಿರುಗಿದ ಮೇಲೆ ನನಗೆ ಪೂರ್ತಿ ಎಚ್ಚರವಾಯಿತು. ಎದ್ದು ಕೂಗೋಣವೆಂದರೆ ಮೊಣಕಾಲು ಏಳಲಿಲ್ಲ.